ಮೂವತ್ತು ಕ್ವಿಂಟಲ್ ಹತ್ತಿಯ ಗಾಜು

ಕಲ್ಲೂರಿನ ಎರಿಹೊಲದವರಿಗೆ ಬೆಲೆ ಎಂಬುದು ರೂಪಾಯಿಯಲ್ಲಿ ಕೇಳಿಸುವುದೇ ಇಲ್ಲ. ಅಂಕಿ ಕಿವಿಗೆ ಬಿದ್ದ ಕೂಡಲೇ ತಲೆಯೊಳಗೆ ಅದು ಹತ್ತಿಯಾಗಿ ಬಿಡುತ್ತದೆ. ಇಪ್ಪತ್ತು ಸಾವಿರದ ಮೊಬೈಲೇ? ಎರಡೂವರೆ ಕ್ವಿಂಟಲ್. ಮಗನ ಹಾಸ್ಟೆಲ್ ಫೀಸು ಅರವತ್ತೈದು ಸಾವಿರವೇ? ಎಂಟು ಕ್ವಿಂಟಲ್, ಮೇಲೆ ಹಮಾಲಿ ಬೇರೆ. ಲೆಕ್ಕವೇನೂ ಸುಳ್ಳಲ್ಲ. 2025-26ರ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಕೇಂದ್ರ ಸರ್ಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ಆ ಬೆಲೆ ರೈತನ ಕೈಗೆ ಬರುತ್ತದೋ ಇಲ್ಲವೋ ಎಂಬುದು ಬೇರೆಯೇ ಹರಟೆ. ಅದನ್ನು ತೆಗೆದರೆ ಚಹಾ ತಣ್ಣಗಾಗುತ್ತದೆ, ಮಾತು ಬಿಸಿಯಾಗುತ್ತದೆ.

ಇಂಥ ಮನೆಯಲ್ಲಿ, ಒಗ್ಗರಣಿ-ಮಿರ್ಚಿ ತಿನ್ನುತ್ತಾ ಕೂತಿದ್ದಾಗ, ನನ್ನ ಅಕ್ಕನ ಮಗ ಒಂದು ಲೆನ್ಸಿನ ಸುದ್ದಿ ತೆಗೆದ. ಅವನದು ಸಿರವಾರದಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ.

“ಜಾಸ್ತಿ ಏನಿಲ್ಲ ಮಾಮಾ, ಎರಡು ಲಕ್ಷ ನಲವತ್ತು ಸಾವಿರ.”

ಅವನ ಅಪ್ಪ, ಅಂದರೆ ನಮ್ಮ ಭಾವ, ಮಿರ್ಚಿಯನ್ನು ಬಾಯಿಯ ಹತ್ತಿರ ಹಿಡಿದವರು ಹಾಗೇ ನಿಂತರು. ತುಟಿ ಮಾತ್ರ ಅಲುಗಾಡಿತು. ಆಮೇಲೆ ತೀರ್ಪು ಬಂತು: “ಮೂವತ್ತು ಕ್ವಿಂಟಲ್! ನಾಕು ಎಕರೆ ಬೆಳಿ ಕುತ್ತಿಗಿಗೆ ಹಾಕ್ಕೊಂಡು ತಿರುಗ್ತಿಯೇನಲೇ?”

ಎಕರೆಗೆ ಏಳೆಂಟು ಕ್ವಿಂಟಲ್ ಬಂದರೆ ದೇವರು ಕಣ್ಣು ಬಿಟ್ಟ ಎನ್ನುವ ನೆಲದಲ್ಲಿ ಭಾವನ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಅಳಿಯ ಹೇಳಲು ನೋಡಿದ. ಅದೇ ತೊಂದರೆಯಾದದ್ದು.

“ಅಪ್ಪಾ, ಇದು ಎಪ್ಪತ್ತರಿಂದ ಇನ್ನೂರು, ಎಫ್ 2.8. ಇದರಾಗ ಎಫ್ 4 ಅಂತನೂ ಬರ್ತದ. ಅದು ಸೋವಿ, ಒಂದೂವರೆ ಲಕ್ಷದ ಆಸುಪಾಸು.”

“ನಾಕು ಸೋವಿ, ಎರಡೂ ಮುಕ್ಕಾಲು ತುಟ್ಟಿ?”

“ಹೂಂ. ನಂಬರ್ ಕಡಿಮಿ ಆದಂಗ ರೇಟ್ ಜಾಸ್ತಿ.”

“ಹಂಗಾದ್ರ ಸೊನ್ನಿ ಇದ್ದದ್ದು ತಗೋಬೇಕಾದ್ರ ಊರೇ ಮಾರಬೇಕೇನು?”

ಭಾವ ಚೇಷ್ಟೆಗೆ ಅಂದ ಮಾತು. ಆದರೆ ಸೊನ್ನೆಯ ಹತ್ತಿರ ಹೋದವರೂ ಇದ್ದಾರೆ. ಜರ್ಮನಿಯ ಜೈಸ್ ಕಂಪನಿ ಚಂದ್ರಯಾನದ ಕೆಲಸಕ್ಕೆಂದು ನಾಸಾಕ್ಕೆ ಮಾಡಿಕೊಟ್ಟ 50 ಮಿ.ಮೀ. ಲೆನ್ಸ್ ಒಂದಿತ್ತು, ಎಫ್ 0.7. ಮಾಡಿದ್ದು ಹತ್ತೇ. ಅದರಲ್ಲಿ ಮೂರನ್ನು ಸ್ಟ್ಯಾನ್ಲಿ ಕುಬ್ರಿಕ್ ಎಂಬ ಸಿನಿಮಾ ನಿರ್ದೇಶಕ ಕೊಂಡುಕೊಂಡು, ಕ್ಯಾಮೆರಾವನ್ನೇ ಕೊರೆಸಿ ಒಳಗೆ ಕೂರಿಸಿ, 1975ರ ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಬರೀ ಮೇಣದಬತ್ತಿಯ ಬೆಳಕಿನಲ್ಲಿ ತೆಗೆದ. ಚಂದ್ರನಿಗೆ ಮಾಡಿದ್ದು ದೀಪದ ಬುಡಕ್ಕೆ ಬಂತು. ಇದನ್ನು ಹೇಳಿದರೆ ಭಾವ, “ಕರೆಂಟ್ ಬಿಲ್ ಉಳಿಸಾಕ ಇಷ್ಟೆಲ್ಲ ಮಾಡ್ಯಾನೇನು?” ಅಂದರು.

ಒಳಗುಟ್ಟು ಇಷ್ಟೇ. ಎಫ್ ಎಂಬುದು ಭಾಗಾಕಾರದ ಲೆಕ್ಕ. ಲೆನ್ಸಿನ ನಾಭಿದೂರವನ್ನು ಬೆಳಕು ಒಳಬರುವ ಕಿಂಡಿಯ ಅಗಲದಿಂದ ಭಾಗಿಸಿದರೆ ಬರುವ ಅಂಕಿ ಅದು. ಕಿಂಡಿ ದೊಡ್ಡದಾದರೆ ಭಾಗಲಬ್ಧ ಸಣ್ಣದು. 200 ಮಿ.ಮೀ.ಗೆ ಎಫ್ 2.8 ಬೇಕೆಂದರೆ 71 ಮಿ.ಮೀ. ಅಗಲದ ಕಿಂಡಿ ಬೇಕು. ಎಫ್ 4 ಸಾಕೆಂದರೆ 50 ಮಿ.ಮೀ. ಸಾಕು. ಅಗಲ ಹೆಚ್ಚಿದಂತೆ ಗಾಜಿನ ದಪ್ಪವೂ ತೂಕವೂ ಏರುತ್ತವೆ. ಬೆಳಕು ಎರಡು ಪಟ್ಟಾಗುತ್ತದೆ, ಅಷ್ಟೇ. ಎರಡು ಪಟ್ಟು ಬೆಳಕಿಗೆ ಹತ್ತಿರ ಹತ್ತಿರ ಒಂದು ಲಕ್ಷ ಹೆಚ್ಚು. ರಾಯಚೂರು ಜಿಲ್ಲೆಯಲ್ಲಿ ಕೂತು ಬೆಳಕಿಗೆ ರೊಕ್ಕ ಕೊಡುವುದು! ನಮ್ಮಲ್ಲಿ ಏಪ್ರಿಲ್-ಮೇ ಬೆಳಕನ್ನು ಮೂಟೆ ಕಟ್ಟಿ ಮಾರುವಂತಿದ್ದರೆ ಹತ್ತಿ ಯಾರು ಬಿತ್ತುತ್ತಿದ್ದರು?

ಬೆಲೆಗೆ ಇನ್ನೊಂದು ಕಾರಣ ಒಳಗಿನ ಗಾಜು. ಅಳಿಯನ ಹತ್ತಿರ ಈಗಿರುವ 50 ಮಿ.ಮೀ. ಎಫ್ 1.8 ಲೆನ್ಸಿನಲ್ಲಿ ಆರು ಗಾಜು. ಅವನು ಆಸೆಪಟ್ಟ ಬಿಳಿ ಲೆನ್ಸಿನಲ್ಲಿ ಇಪ್ಪತ್ತಮೂರು. ಒಂದೊಂದನ್ನೂ ಸಾಣೆ ಹಿಡಿದು, ಲೇಪ ಹಚ್ಚಿ, ಕೂದಲೆಳೆಯೂ ಅತ್ತಿತ್ತ ಆಗದಂತೆ ಸಾಲಾಗಿ ಕೂರಿಸಬೇಕು. ಸಾಣೆಯ ವಿಷಯದಲ್ಲಿ ಕಲ್ಲೂರಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ನಮ್ಮೂರ ಮಹಾಲಕ್ಷ್ಮಿಯೇ ಸಾಣೆಕಲ್ಲಿನ ಮೇಲೆ ಮೂಡಿದವಳು. ವರ್ಷವರ್ಷ ಕೊಲ್ಲಾಪುರಕ್ಕೆ ಹೋಗುತ್ತಿದ್ದ ಭಕ್ತನಿಗೆ ಮುಪ್ಪಿನಲ್ಲಿ ಅಷ್ಟು ದೂರ ಹೋಗಲು ಆಗದಾದಾಗ, ಗಂಧ ತೇಯುವ ಕಲ್ಲಿನಲ್ಲೇ ದೇವಿ ಕಾಣಿಸಿಕೊಂಡಳು ಎಂದು ಐತಿಹ್ಯ. ದೂರದ್ದನ್ನು ಹತ್ತಿರ ತಂದ ಮೊದಲ ಸಾಣೆ ನಮ್ಮೂರಿನದು, ಜಪಾನಿನದಲ್ಲ ಎಂದು ನಾನು ಅಳಿಯನಿಗೆ ಹೇಳಿದೆ. “ಅದಕ್ಕ ಮಾಮಾ, ಬುಕ್ ಮಾಡೋಕಿಂತ ಮೊದಲ ಶುಕ್ರವಾರ ಗುಡಿಗೆ ಹೋಗಿ ಬರ್ತೀನಿ” ಅಂದ. ಲಕ್ಷ್ಮಿಯ ಮುಂದೆ ನಿಂತು ಲಕ್ಷ ಖರ್ಚು ಮಾಡಲು ಅಪ್ಪಣೆ ಕೇಳುವ ಧೈರ್ಯ ಇವನೊಬ್ಬನಿಗೇ ಇರಬೇಕು.

ಬಿಳಿ ಬಣ್ಣದ್ದೂ ಒಂದು ಕಥೆ ಇದೆ. ಜನ ಅದನ್ನು ಶೋಕಿ ಅಂದುಕೊಂಡಿದ್ದಾರೆ. ದೂರದ ವಸ್ತುವನ್ನು ಹಿಡಿಯುವ ಉದ್ದ ಲೆನ್ಸುಗಳಲ್ಲಿ ಬಣ್ಣಗಳು ಅಂಚಿನಲ್ಲಿ ಚೆಲ್ಲಾಪಿಲ್ಲಿಯಾಗುವುದನ್ನು ತಡೆಯಲು ಫ್ಲೋರೈಟ್ ಎಂಬ ಹರಳು ಒಳ್ಳೆಯದು. ನಿಸರ್ಗದಲ್ಲಿ ದೊಡ್ಡ ಹರಳು ಸಿಗುವುದು ಕಷ್ಟ, ಅದಕ್ಕೇ ಕುಲುಮೆಯಲ್ಲಿ ನಿಧಾನವಾಗಿ ಬೆಳೆಸುತ್ತಾರೆ. ಕ್ಯಾನನ್ ಕಂಪನಿ ಹೀಗೆ ಬೆಳೆಸಿದ ಹರಳಿನ ಲೆನ್ಸನ್ನು 1969ರಲ್ಲಿ ಮಾರುಕಟ್ಟೆಗೆ ತಂದಿತು. ಆದರೆ ಆ ಹರಳಿಗೆ ಬಿಸಿಲು ತಾಗಿದರೆ ಹಿಗ್ಗುವ ಚಾಳಿ. ಹಿಗ್ಗಿದರೆ ಫೋಕಸ್ ಹೋಯಿತು. ಅದಕ್ಕೆ ಹೊರಗಿನ ಕೊಳವೆಗೆ ಬಿಳಿ ಬಡಿದರು. ನಮ್ಮ ಹಿರಿಯರು ಬೇಸಿಗೆಯಲ್ಲಿ ಬಿಳಿ ರುಮಾಲು ಸುತ್ತಿದ್ದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ. ಮುಂದೆ ಆ ಹರಳಿಲ್ಲದ ಲೆನ್ಸಿಗೂ ಬಿಳಿ ಬಂತು. ರುಮಾಲಿಗೆ ಮರ್ಯಾದೆ ಇದೆ ಎಂದು ಗೊತ್ತಾದ ಮೇಲೆ ಬಿಸಿಲಿಲ್ಲದ ದಿನವೂ ಸುತ್ತಿಕೊಳ್ಳುತ್ತಾರಲ್ಲ.

ಒಂದು ಕಾಲದಲ್ಲಿ ಒಳ್ಳೆಯ ಲೆನ್ಸಿಗೆ ಕೊಟ್ಟ ಹಣ ಪ್ರಶ್ನೆಯೇ ಇಲ್ಲದೆ ಸಾರ್ಥಕವಾಗುತ್ತಿತ್ತು. 1839ರಲ್ಲಿ ಫ್ರಾನ್ಸಿನಲ್ಲಿ ಫೋಟೋ ಹುಟ್ಟಿದಾಗ ಲೆನ್ಸಿನ ಕಿಂಡಿ ಎಷ್ಟು ಸಣ್ಣದಿತ್ತೆಂದರೆ, ಮನುಷ್ಯ ನಿಮಿಷಗಟ್ಟಲೆ ಕಣ್ಣು ಮಿಟುಕಿಸದೆ ಕೂರಬೇಕಿತ್ತು. ಮರುವರ್ಷವೇ ವಿಯೆನ್ನಾದ ಗಣಿತದ ಮೇಷ್ಟ್ರು ಜೋಸೆಫ್ ಪೆಟ್ಸ್‌ವಾಲ್, ಫಿರಂಗಿ ದಳದ ಲೆಕ್ಕ ಬಲ್ಲ ಸೈನಿಕರನ್ನು ಕೂರಿಸಿಕೊಂಡು ಗುಣಾಕಾರ ಮಾಡಿಸಿ, ಎಫ್ 3.6ರ ಲೆನ್ಸ್ ರಚಿಸಿದ. ಬೆಳಕು ಹತ್ತಾರು ಪಟ್ಟು ಹೆಚ್ಚಿತು, ಮುಖದ ಚಿತ್ರ ಎಂಬುದು ಮನುಷ್ಯರು ಸಹಿಸುವ ಕೆಲಸವಾಯಿತು. ಫಿಲಂ ಕಾಲದಲ್ಲೂ ಹಾಗೆಯೇ. ರೀಲು ಬೆಳಕು ಹೀರುವ ಶಕ್ತಿ 400 ಐಎಸ್ಓ ಎಂದರೆ ಆ ರೀಲು ಮುಗಿಯುವ ತನಕ ಅಷ್ಟೇ. ಕತ್ತಲಾದರೆ ಲೆನ್ಸೇ ದಿಕ್ಕು. ಈಗಿನ ಕ್ಯಾಮೆರಾದ ಸೆನ್ಸರ್ 6400ಕ್ಕೆ ಏರಿಸಿದರೂ ಮುಖ ಮುಖದಂತೆಯೇ ಬರುತ್ತದೆ. ಅಂದರೆ ಲೆನ್ಸು ಹೊರುತ್ತಿದ್ದ ಅರ್ಧ ಭಾರವನ್ನು ಕ್ಯಾಮೆರಾ ಹೊತ್ತುಕೊಂಡಿದೆ. ಬೆಲೆ ಮಾತ್ರ ಯಾರೂ ಇಳಿಸಿಕೊಂಡಿಲ್ಲ.

ಮತ್ತೊಂದು ಸಂಗತಿಯನ್ನು ಅಂಗಡಿಯವನು ತಾನಾಗಿ ಹೇಳುವುದಿಲ್ಲ. ಹಳೆಯ ಕ್ಯಾಮೆರಾಕ್ಕೆ ಹತ್ತು ಸಾವಿರದ ಆಸುಪಾಸಿಗೆ ಸಿಗುವ ಆ ಆರು ಗಾಜಿನ 50 ಮಿ.ಮೀ. ಎಫ್ 1.8 ಲೆನ್ಸು, ಎರಡು ಲಕ್ಷ ನಲವತ್ತು ಸಾವಿರದ ಎಫ್ 2.8ಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಬೆಳಕು ಕುಡಿಯುತ್ತದೆ. ಒಂದೂಕಾಲು ಕ್ವಿಂಟಲ್ ಹತ್ತಿ. ಇದನ್ನು ಕೇಳಿ ಭಾವನ ಮುಖ ಅರಳಿತು.

“ಮತ್ತ ಅದರಾಗ ಇಲ್ಲದ್ದು ಇದರಾಗ ಏನದ?”

“ದೂರ ಅದ ಅಪ್ಪಾ. ಹಿಂದ ನಿಂತು ತೆಗೀಬಹುದು.”

“ನಿನಗ ಕಾಲಿಲ್ಲೇನು? ಮುಂದ ಹೋಗಿ ತೆಗಿ.”

ಇಲ್ಲಿ ಭಾವ ಗೆದ್ದರು ಅಂತ ಎಲ್ಲರಿಗೂ ಅನ್ನಿಸಿತು. ನನಗೆ ಮಾತ್ರ ಹಾಗನ್ನಿಸಲಿಲ್ಲ. ಏಕೆಂದರೆ ನಮ್ಮ ಕಡೆಯ ಎಲ್ಲ ಲಗ್ನಗಳ ಕಷ್ಟವೂ ಆ ಒಂದು ಮಾತಿನಲ್ಲೇ ಇದೆ. ಫೋಟೋದವರಿಗೆ ಕಾಲಿದೆ, ಅವರು ಮುಂದೆ ಹೋಗುತ್ತಾರೆ.

ನೀವೇ ನೆನಪಿಸಿಕೊಳ್ಳಿ. ಕೊನೆಯ ಸಲ ಯಾವ ಲಗ್ನದಲ್ಲಿ ತಾಳಿ ಕಟ್ಟುವುದನ್ನು ಕಣ್ಣಾರೆ ನೋಡಿದಿರಿ? ನೂರಾರು ಮಂದಿ ಅಕ್ಕಿಕಾಳು ಹಿಡಿದು ಕುತ್ತಿಗೆ ಉದ್ದ ಮಾಡಿ ನಿಂತಿರುತ್ತಾರೆ. ವೇದಿಕೆಯ ಮೇಲೆ ಅವರಿಗೆ ಕಾಣುವುದು ಒಬ್ಬ ಫೋಟೋದವನ ಬೆನ್ನು, ಒಬ್ಬ ವಿಡಿಯೋದವನ ಬೆನ್ನು, ಲೈಟು ಹಿಡಿದ ಹುಡುಗನ ಮೊಣಕೈ, ಇತ್ತೀಚೆಗೆ ‘ಕ್ಯಾಂಡಿಡ್’ ಎಂಬ ಮೂರನೆಯವನ ಬಾಗಿದ ಹಿಂಭಾಗ. ಗಟ್ಟಿಮೇಳ ಕೇಳಿದ ಕೂಡಲೇ ನಾವು ಅಂದಾಜಿನ ಮೇಲೆ ಅಕ್ಕಿಕಾಳು ಎಸೆಯುತ್ತೇವೆ. ನಾನು ಹರಸಿದ ಅಕ್ಕಿಕಾಳಿನಲ್ಲಿ ಮುಕ್ಕಾಲು ಪಾಲು ಫೋಟೋದವರ ತಲೆಗೇ ಬಿದ್ದಿದೆ. ಅವರ ಸಂಸಾರಗಳು ಚೆನ್ನಾಗಿದ್ದರೆ ಅದರಲ್ಲಿ ನನ್ನದೂ ಪಾಲಿದೆ.

ಈ ದೃಷ್ಟಿಯಿಂದ ನೋಡಿದರೆ 70-200 ಎಂಬುದು ಸಾಮಾನ್ಯ ವಸ್ತುವಲ್ಲ. ಅದನ್ನು ಹಾಕಿಕೊಂಡವನು ಮೂವತ್ತು ಅಡಿ ದೂರ, ಹಂದರದ ಕಂಬದ ಪಕ್ಕ ನಿಂತೇ ಮದುಮಗಳ ಕಣ್ಣಂಚಿನ ನೀರು ಹಿಡಿಯಬಲ್ಲ. ವೇದಿಕೆ ಖಾಲಿಯಾಗುತ್ತದೆ. ಬಾಸಿಂಗ ಕಾಣುತ್ತದೆ, ತಾಳಿ ಕಾಣುತ್ತದೆ, ಗಂಡಿನ ಕೈ ನಡುಗುವುದೂ ಕಾಣುತ್ತದೆ. ಮದುಮಗಳೂ ಮೂಗಿನ ಮುಂದೆ ಗಾಜು ಇಲ್ಲದ್ದರಿಂದ ತನ್ನ ಮುಖದಲ್ಲೇ ಇರುತ್ತಾಳೆ, ಫೋಟೋದವನು ಹೇಳಿಕೊಟ್ಟ ಮುಖದಲ್ಲಲ್ಲ. ಹಾಗಾಗಿ ನನ್ನ ಮತ ಇಷ್ಟು: ಈ ಲೆನ್ಸು ಎರಡು ಲಕ್ಷ ನಲವತ್ತು ಸಾವಿರಕ್ಕೂ ಬಾಳುತ್ತದೆ, ಆದರೆ ಅದರ ಲಾಭ ಚಿತ್ರಕ್ಕಿಂತ ಹೆಚ್ಚಾಗಿ ನೆಂಟರಿಗೆ. ನ್ಯಾಯವಾಗಿ ಅದರ ಕಂತನ್ನು ಫೋಟೋದವನು ಕಟ್ಟಬಾರದು. ಮುಯ್ಯಿ ಬರೆಸುವ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿ, ‘ಫೋಟೋದವರನ್ನು ಕೆಳಗಿಳಿಸುವ ನಿಧಿ’ ಎಂದು ತಲೆಗೆ ಐವತ್ತು ರೂಪಾಯಿ ಎತ್ತಬೇಕು. ನಾನು ನೂರು ಕೊಡುತ್ತೇನೆ.

ಚಿತ್ರದ ಲೆಕ್ಕದಲ್ಲೇ ನೋಡಬೇಕೆಂದರೆ ಮಾತು ಬೇರೆ. ಅಲ್ಲಿ ಎರಡು ಲಕ್ಷದ ಗಾಜು ಹಿಡಿದು ತಂದದ್ದು ಯಾರ ಕೈಗೆ ಹೋಗುತ್ತದೆ ನೋಡಿ: ಆಲ್ಬಮ್ ಡಿಸೈನರ್ ಕೈಗೆ. ಅವನು ಮೊದಲು ಮಾಡುವ ಕೆಲಸ ಮುಖ ನುಣುಪು ಮಾಡುವುದು. ಒಂದೊಂದು ರೋಮ, ಒಂದೊಂದು ಬೆವರ ಹನಿ ಎಣಿಸಿ ತರುವುದಕ್ಕೆಂದು ಜಪಾನಿನಲ್ಲಿ ಯಾರೋ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದರೆ, ಇವನು ಮೌಸನ್ನು ನಾಲ್ಕು ಸಲ ಎಳೆದು ಮದುಮಗನನ್ನು ಪ್ಲಾಸ್ಟಿಕ್ ಬೊಂಬೆ ಮಾಡುತ್ತಾನೆ. ಎರಡನೆಯ ಕೆಲಸ ಕತ್ತರಿಸುವುದು. ಹಿನ್ನೆಲೆಯನ್ನು ಹದವಾಗಿ ಮಸುಕಾಗಿಸುವುದೇ ಆ ಲೆನ್ಸಿನ ದೊಡ್ಡಸ್ತಿಕೆ. ಅವನು ಆ ಹಿನ್ನೆಲೆಯನ್ನೇ ಕಿತ್ತು ಬಿಸಾಕಿ, ಜೋಡಿಯನ್ನು ಸ್ವಿಟ್ಜರ್ಲೆಂಡಿನ ಹಿಮದ ಮೇಲೋ ತಾಜಮಹಲಿನ ಮುಂದೋ ನಿಲ್ಲಿಸುತ್ತಾನೆ. 12×36 ಇಂಚಿನ ಕರಿಜ್ಮಾ ಆಲ್ಬಮ್ಮಿನಲ್ಲಿ ನಮ್ಮ ಎಷ್ಟು ಮಂದಿ ಪಾಸ್‌ಪೋರ್ಟ್ ಇಲ್ಲದೆ ಆಲ್ಪ್ಸ್ ನೋಡಿ ಬಂದಿದ್ದಾರೋ! ಉಳಿದ ಚಿತ್ರಗಳು ವಾಟ್ಸಾಪಿಗೆ ಹೋಗುತ್ತವೆ. ಮಾಮೂಲಿಯಾಗಿ ಕಳಿಸಿದರೆ ಅದು ಉದ್ದದ ಬದಿಯನ್ನು 1600 ಪಿಕ್ಸೆಲ್ಲಿನ ಆಸುಪಾಸಿಗೆ ಕುಗ್ಗಿಸುತ್ತದೆ. ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ಲಿನ ಚಿತ್ರ ಎರಡಕ್ಕಿಂತ ಕೆಳಗೆ ಬಂದು ಕೂರುತ್ತದೆ. ಆಮೇಲೆ ಅದು ಹತ್ತು ಸಾವಿರದ ಲೆನ್ಸಿನದೋ, ಎರಡು ಲಕ್ಷದ್ದೋ ಎಂದು ಹೇಳಬಲ್ಲವರು ಇಡೀ ಬೀಗರ ಗ್ರೂಪಿನಲ್ಲಿ ಒಬ್ಬರೂ ಇಲ್ಲ. ಗುಂಪಿನ ಫೋಟೋ ಎಂದರೆ ಇನ್ನೂ ಸುಲಭ. ಹಿಂದಿನ ಸಾಲಿನ ಕಾಕಾ ಸಹ ಸ್ಪಷ್ಟವಾಗಿ ಬರಬೇಕೆಂದು ಕಿಂಡಿಯನ್ನು ಎಫ್ 8ಕ್ಕೆ ಮುಚ್ಚುತ್ತಾರೆ. ಅಲ್ಲಿಗೆ ಬಡವ ಬಲ್ಲಿದ ಲೆನ್ಸುಗಳೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ.

ಹಂದರದ ಬಟ್ಟೆಯ ವಿಷಯವನ್ನಂತೂ ಹೇಳಲೇಬೇಕು. ನಮ್ಮಲ್ಲಿ ಶಾಮಿಯಾನ ಎಂದರೆ ಕೆಂಪು, ಹಳದಿ, ಹಸಿರು ಪಟ್ಟೆ. ಮಧ್ಯಾಹ್ನದ ಬಿಸಿಲು ಅದರ ಮೂಲಕ ಇಳಿದಾಗ ಮಾವನ ಮುಖ ಕೆಂಪು, ಅತ್ತೆಯ ಮುಖ ಹಸಿರು. ಎಷ್ಟು ತುಟ್ಟಿ ಲೆನ್ಸು ತಂದರೂ ಅತ್ತೆ ಹಸಿರೇ. ಮೇಲೆ ಬರೀ ಬಿಳಿ ಬಟ್ಟೆ ಕಟ್ಟಿಸಿದರೆ ಮುಖಗಳೆಲ್ಲ ತಂತಮ್ಮ ಬಣ್ಣಕ್ಕೆ ಬರುತ್ತವೆ, ಬೆಳಕೂ ಹಿತವಾಗಿ ಹರಡುತ್ತದೆ. ಆದರೆ ಬಿಳಿ ಬಟ್ಟೆ ಕಟ್ಟೋಣವೆಂದರೆ, “ಲಗ್ನಕ್ಕ ಬಿಳೀದೇನು?” ಎಂದು ಹಿರಿಯರು ಎದ್ದು ನಿಲ್ಲುತ್ತಾರೆ. ಇದಕ್ಕೆ ನನ್ನಲ್ಲಿ ಔಷಧಿ ಇಲ್ಲ.

ಬೆಳಕು ಬಲ್ಲವರ ದಾರಿ ಎಂಥದೆಂಬುದಕ್ಕೆ ನಮ್ಮವರೇ ಒಬ್ಬರಿದ್ದರು, ಮೈಸೂರಿನ ವಿ.ಕೆ. ಮೂರ್ತಿ. ಅವರು ಕ್ಯಾಮೆರಾ ಹಿಡಿದ 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದಕ್ಕೆ ಬೇಕಾದ ಲೆನ್ಸು ಹೊರದೇಶದ್ದು, ದುಬಾರಿಯದು. ಆದರೆ ಆ ಚಿತ್ರದ ಹೆಸರೆತ್ತಿದ ಕೂಡಲೇ ಜನ ನೆನೆಯುವುದು ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಓರೆಯಾಗಿ ಬೀಳುವ ಬೆಳಕಿನ ಕೋಲನ್ನು. ಅದನ್ನು ಮೂರ್ತಿಯವರು ತಂದದ್ದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಹಾಯಿಸಿ. ಕನ್ನಡಿ! ರಾಯಚೂರಿನ ಯಾವ ಗಾಜಿನಂಗಡಿಯಲ್ಲೂ ಸಿಗುವ ವಸ್ತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಅಳಿಯನಿಗೆ ಇದನ್ನು ಹೇಳಿದೆ. “ಕನ್ನಡಿ ಹಿಡಿಯಾಕ ಹುಡುಗ ಬೇಕು ಮಾಮಾ, ಅವನ ಪಗಾರ ಯಾರು ಕೊಡ್ತಾರ?” ಅಂದ. ಅವನ ಮಾತೂ ಸರಿ.

ಕಾಡುಪ್ರಾಣಿಯ ಹುಚ್ಚು ಹಿಡಿದವರ ಲೆನ್ಸಿನ ಬೆಲೆ ಕೇಳಿದರೆ ನಮ್ಮ ಅಳಿಯ ಸಂತನಂತೆ ಕಾಣುತ್ತಾನೆ. 600 ಮಿ.ಮೀ. ಎಫ್ 4 ಎಂದರೆ ಹನ್ನೆರಡು ಲಕ್ಷಕ್ಕೂ ಮೇಲೆ, ನೂರೈವತ್ತು ಕ್ವಿಂಟಲ್. ಅಂಥದ್ದನ್ನು ಹೆಗಲಿಗೇರಿಸಿಕೊಂಡ ಒಬ್ಬ ಮಹಾಶಯ ಒಮ್ಮೆ ಮೇ ತಿಂಗಳ ನಡುಮಧ್ಯಾಹ್ನ ನಮ್ಮ ಕಡೆಯ ಹೊಲಗಳಲ್ಲಿ ಚಿಗರಿ ತೆಗೆಯಲು ಬಂದಿದ್ದ. ನಲವತ್ಮೂರು ಡಿಗ್ರಿ ಬಿಸಿಲು. ಕಾದ ಎರಿಮಣ್ಣಿನ ಮೇಲೆ ಗಾಳಿ ಕುದಿಯುತ್ತಿರುತ್ತದೆ; ಆ ಕುದಿಯುವ ಗಾಳಿಯ ಮೂಲಕ ಅರ್ಧ ಕಿಲೋಮೀಟರ್ ನೋಡಿದರೆ ಚಿಗರಿಯ ಕೊಂಬು ಹಾವಾಗುತ್ತದೆ, ಕಾಲು ನೀರಾಗುತ್ತದೆ. ಲೆನ್ಸು ತುಟ್ಟಿಯಾದಷ್ಟೂ ಆ ನಡುಕವನ್ನೇ ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಪಕ್ಕದಲ್ಲಿ ಕುರಿ ಕಾಯುತ್ತಿದ್ದ ಮುದುಕ ಎಲೆ-ಅಡಿಕೆ ಉಗಿದು, “ಮುಂಜಾನಿ ಬರ್ರಿ ಸಾಹೇಬ್ರ, ಅವು ಇಲ್ಲೇ ಬಾಂದದ ಹತ್ರ ಇರ್ತಾವ, ಮೊಬೈಲ್‌ನಾಗ ಬರ್ತಾವ” ಅಂದ. ಸಾಹೇಬರು ಮುಖ ತಿರುಗಿಸಿದರು. ಹನ್ನೆರಡು ಲಕ್ಷ ಕೊಟ್ಟವನಿಗೆ ಅಂಥ ಮಾತು ಹಿತವಾಗುವುದಿಲ್ಲ.

ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ಅವರಿಗಾದರೋ ಗಾಜಿನ ಬೆಲೆಯ ಚಿಂತೆ ಇರಲಿಕ್ಕಿಲ್ಲ. ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದವರು. ಆದರೂ ತಮ್ಮ ಕಪ್ಪು-ಬಿಳುಪು ಕಾಡುಚಿತ್ರಗಳ ಪುಸ್ತಕಕ್ಕೆ 1983ರಲ್ಲಿ ಅವರು ಇಟ್ಟ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಬಿಸಿಲಿದೆ, ನೆರಳಿದೆ, ಲೆನ್ಸಿನ ಸುದ್ದಿಯೇ ಇಲ್ಲ.

ನಮ್ಮ ಸೀಮೆ ನಿಜಾಮರ ಕೈಯಲ್ಲಿದ್ದ ಕಾಲದ ವೈಭವವನ್ನೂ ಅಳಿಯನ ಕಿವಿಗೆ ಹಾಕಿದೆ. ಆರನೇ ನಿಜಾಮರ ಆಸ್ಥಾನದಲ್ಲಿ ಲಾಲಾ ದೀನ್ ದಯಾಳ್ ಎಂಬ ಫೋಟೋಗ್ರಾಫರ್ ಇದ್ದರು. 1894ರಲ್ಲಿ ಅವರಿಗೆ ‘ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್’ ಎಂಬ ಬಿರುದು ಸಿಕ್ಕಿತು. ಅಳಿಯ ನಿಟ್ಟುಸಿರು ಬಿಟ್ಟ. “ನನಗೂ ಅದ ಮಾಮಾ ಬಿರುದು. ‘ಏ ಫೋಟೋದಂವಾ, ಉಂಡಿ ಇಲ್ಲೋ?’”

ಹಾಗಾದರೆ ಎಫ್ 2.8, 1.8, 1.4 ಎಂಬ ದೊಡ್ಡ ಕಿಂಡಿಗಳು ನಮಗೆ ಬೇಡವೇ? ಬೇಕು. ಕತ್ತಲು ನಮ್ಮಲ್ಲೂ ಇದೆ. ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು. ಖತಲ್ ರಾತ್ರಿಯಲ್ಲಿ ಅಲಾಯಿ ದೇವರುಗಳು ಹೊರಡುವಾಗ ಹಿಂದೂ-ಮುಸ್ಲಿಂ ಎನ್ನದೆ ಸೇರಿದ ಸಾವಿರಾರು ಮುಖಗಳ ಮೇಲೆ ಇರುವುದು ಬೆಂಕಿಯ ಬೆಳಕು, ಬೀದಿದೀಪದ ಹಳದಿ, ಅಷ್ಟೇ. ಫ್ಲಾಶ್ ಹೊಡೆದರೆ ಬೆಂಕಿ ಸಾಯುತ್ತದೆ, ಮುಖ ಸುಣ್ಣವಾಗುತ್ತದೆ, ಪಕ್ಕದವರು ಬೈಯುತ್ತಾರೆ. ಅಲ್ಲಿ ಕಿಂಡಿಯೇ ಬೇಕು. ಆದರೆ ಆ ಜಾತ್ರೆಯಲ್ಲಿ ಭುಜಕ್ಕೆ ಭುಜ ತಾಗಿ ನಿಂತಿರುವಾಗ ಒಂದೂವರೆ ಕಿಲೋದ ಬಿಳಿ ಕೊಳವೆ ಎತ್ತಲು ಜಾಗ ಎಲ್ಲಿದೆ? ಅಂಗೈಯಲ್ಲಿ ಮುಚ್ಚುವ 35 ಅಥವಾ 50 ಮಿ.ಮೀ. ಎಫ್ 1.8 ಸಾಕು. ಅಳಿಯ ಮುದಗಲ್ಲಿನಲ್ಲಿ ತೆಗೆದ, ಪಂಜಿನ ಬೆಳಕಿಗೆ ಅರೆಮುಚ್ಚಿದ ಕಣ್ಣಿನ ಒಬ್ಬ ಹಾಡುಗಾರನ ಚಿತ್ರ ಅವನ ಸ್ಟುಡಿಯೋದ ಗೋಡೆಯಲ್ಲಿದೆ. ಹತ್ತು ಸಾವಿರದ ಲೆನ್ಸಿನದು. ಅವನು ತೆಗೆದ ಎಲ್ಲ ಚಿತ್ರಗಳಲ್ಲಿ ಅದೇ ಚಲೋದು. ಗಿರಾಕಿಗಳು ಅದನ್ನು ನೋಡಿ, “ಇದು ಯಾವ ಕ್ಯಾಮೆರಾದಾಗ ತೆಗದಿ?” ಎಂದು ಕೇಳುತ್ತಾರೆ. ಮುದಗಲ್ಲಿಗೆ ಯಾವಾಗ ಹೋಗಿದ್ದಿ ಎಂದು ಯಾರೂ ಕೇಳುವುದಿಲ್ಲ.

ಕೊಳ್ಳುವುದಾದರೆ ಹೈದರಾಬಾದಿನ ಕೋಠಿಗೆ ಹೋಗುತ್ತೇನೆ ಎಂದ. ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಬಿಲ್ಲು, ವಾರಂಟಿ ಕಾರ್ಡು ಎರಡೂ ಇಲ್ಲದೆ ಸೋವಿ ಕೊಡುತ್ತೇನೆ ಎಂದವನನ್ನು ನಂಬಬೇಡ ಎಂದೆ. ಸೆಕೆಂಡ್ ಹ್ಯಾಂಡ್ ತಗೊಂಡರೆ ಕರಾವಳಿಯದು ಬೇಡ ಎಂದೂ ಹೇಳಿದೆ. ಅಲ್ಲಿನ ತೇವಕ್ಕೆ ಗಾಜಿನೊಳಗೆ ಬೂಸ್ಟು ಹಿಡಿದಿರುತ್ತದೆ, ಟಾರ್ಚು ಬಿಟ್ಟು ನೋಡಿದರೆ ಜೇಡರ ಬಲೆಯಂತೆ ಕಾಣುತ್ತದೆ. ನಮ್ಮ ಒಣಹವೆಯಲ್ಲಿ ಆ ಕಾಟ ಕಡಿಮೆ. ನಮ್ಮದು ಧೂಳಿನ ಕಾಟ. ಅದರಲ್ಲೂ ಹತ್ತಿ ಬಿಡಿಸುವ ಕಾಲದ ನವಿರು ಎಳೆಗಳು ಸಂದುಗಳಲ್ಲಿ ಸೇರುವುದನ್ನು ತಡೆಯಲು ತುಟ್ಟಿ ಲೆನ್ಸುಗಳಿಗೆ ಹಾಕಿರುವ ರಬ್ಬರಿನ ಬಿಗಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಇದೊಂದನ್ನು ಭಾವನೂ ಒಪ್ಪಿದರು. ಹತ್ತಿ ತನ್ನ ರೊಕ್ಕದಿಂದ ಬಂದ ಗಾಜಿನೊಳಗೇ ಹೊಕ್ಕು ಕೆಡಿಸುವುದು ಅವರಿಗೆ ಸರಿ ಕಾಣಲಿಲ್ಲ.

ನನ್ನ ಹೆಂಡತಿ ಅಲ್ಲಿಯವರೆಗೆ ಮಾತಾಡಿರಲಿಲ್ಲ. “ಅಳಿಯಾ, ಸೀರಿ ಅಂಗಡ್ಯಾಗೂ ಮೈಮ್ಯಾಲ ಹಾಕ್ಕೊಂಡು ನೋಡಾಕ ಬಿಡ್ತಾರ. ಒಂದು ಲಗ್ನಕ್ಕ ಬಾಡಿಗಿ ತಂದು ನೋಡಬಾರದೇನು?” ಎಂದಳು. ಮೂರು ಗಂಡಸರು ಒಂದು ತಾಸು ಹರಟಿದ್ದು ಅಲ್ಲಿಗೆ ಮುಗಿಯಿತು.

ಮಾನ್ವಿಯ ಗೆಳೆಯನೊಬ್ಬನಿಂದ ಅಳಿಯ ದಿನದ ಬಾಡಿಗೆಗೆ ಆ ಬಿಳಿ ಲೆನ್ಸು ತಂದ. ಹತ್ತಿರದ ಹಳ್ಳಿಯಲ್ಲಿ ಲಗ್ನ. ನಾನೂ ಉಣ್ಣಲು ಹೋಗಿದ್ದೆ. ನನ್ನ ಸಿದ್ಧಾಂತ ಕಣ್ಣೆದುರಿಗೆ ಗೆಲ್ಲುವ ಗಳಿಗೆ ಎಂದು ಮುಂದಿನ ಸಾಲಿನಲ್ಲಿ ಕೂತೆ. ಅಳಿಯ ಹೇಳಿದಂತೆಯೇ ಹಂದರದ ಹಿಂದಿನ ಕಂಬದ ಹತ್ತಿರ ನಿಂತ. ವೇದಿಕೆ ಎಷ್ಟೋ ಕಾಲದ ಮೇಲೆ ವೇದಿಕೆಯಂತೆ ಕಂಡಿತು. ಅಕ್ಕಿಕಾಳು ಸರಿಯಾದ ತಲೆಗಳನ್ನು ಹುಡುಕಿಕೊಂಡು ಹೋಗುವ ಯೋಗ ಬಂದಿತ್ತು.

ಅಷ್ಟರಲ್ಲಿ ಹೆಣ್ಣಿನ ತಂದೆ ಎದ್ದು ನಿಂತರು. “ಫೋಟೋದಂವ ಎಲ್ಲಿ ಹೋದ? ರೊಕ್ಕ ಎಣಿಸಿ ತಗೊಂಡು ಕೊನ್ಯಾಗ ಹೋಗಿ ನಿಂತಾನೇನು? ಕರೀರಿ ಅವನ್ನ!” ನಾಲ್ಕು ಮಂದಿ ಓಡಿದರು. ಅಳಿಯ ಅಲ್ಲಿಂದಲೇ ಕೈ ಎತ್ತಿ, “ಇಲ್ಲಿಂದ ಭಾಳ ಚಲೋ ಬರ್ತದ್ರಿ” ಎಂದು ಕೂಗಿದ. ಯಾರು ಕೇಳಬೇಕು? ತೋಳು ಹಿಡಿದು ಮೇಲೆ ಹತ್ತಿಸಿದರು. ವೇದಿಕೆಯ ಮೇಲೆ ನಿಂತರೆ ಆ ಲೆನ್ಸಿಗೆ ಮೈಯೆಲ್ಲ ತೊಂದರೆ. 1.2 ಮೀಟರಿಗಿಂತ ಹತ್ತಿರದ್ದು ಅದಕ್ಕೆ ಕಾಣುವುದೇ ಇಲ್ಲ. ಅದಕ್ಕಿಂತ ದೂರ ಸರಿಯೋಣವೆಂದರೆ ಹಿಂದೆ ಬಾಳೆಕಂಬ. 70 ಮಿ.ಮೀ.ನಲ್ಲೂ ಮದುಮಗನ ಒಂದು ಕಿವಿ, ಬಾಸಿಂಗದ ಅರ್ಧ. ಕೊನೆಗೆ ಅದನ್ನು ಬಿಚ್ಚಿ ಜೊತೆಗೆ ಬಂದಿದ್ದ ತಮ್ಮನ ಕೈಗೆ ಕೊಟ್ಟು, ಜೇಬಿನಿಂದ ಆ ಹಳೆಯ 50 ತೆಗೆದು ಹಾಕಿಕೊಂಡ. ಗಟ್ಟಿಮೇಳ ಮೊಳಗಿತು. ನನ್ನ ಅಕ್ಕಿಕಾಳು ಎಂದಿನಂತೆ ಅವನ ಬೆನ್ನಿಗೆ ಬಿತ್ತು.

ಊಟವಾದ ಮೇಲೆ ಹೆಣ್ಣಿನ ತಂದೆ ಬಾಕಿ ರೊಕ್ಕ ಕೊಡುವಾಗ ಎರಡು ಸಾವಿರ ಹಿಡಿದರು. “ದೊಡ್ಡದು ತರ್ತೀನಿ ಅಂತ ಹೇಳಿ ಜಾಸ್ತಿ ಮಾತಾಡಿದ್ದಿ. ಸಣ್ಣದರಾಗೇ ಮುಗಿಸಿದ್ಯಲ್ಲ?”

ಅಳಿಯ ಆ ಲೆನ್ಸು ಕೊಳ್ಳಲಿಲ್ಲ. ಬೇಕಾದಾಗ ಮಾನ್ವಿಯಿಂದ ತರುತ್ತಾನೆ, ಕೈಯಲ್ಲಿದ್ದ ರೊಕ್ಕದಲ್ಲಿ ಒಂದು 85 ಮಿ.ಮೀ. ಎಫ್ 1.8 ಹಾಕಿಕೊಂಡಿದ್ದಾನೆ. ಉಳಿದ ಹಣದಲ್ಲಿ ಇನ್ನೊಂದು ವಸ್ತು ತರಿಸಿದ್ದಾನೆ, ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದಂತೆ: ಅದೇ ಬಿಳಿ 70-200ರ ಆಕಾರದ್ದೇ ಒಂದು ಚಹಾದ ಫ್ಲಾಸ್ಕು. ಅಂಕಿ, ಗೀಟು, ಕೆಂಪು ಬಳೆ ಎಲ್ಲ ಇದೆ. ಸ್ಟುಡಿಯೋದಲ್ಲಿ ಮೇಜಿನ ಮೇಲೆ, ಗಿರಾಕಿ ಕೂರುವ ಕುರ್ಚಿಗೆ ಎದುರಾಗಿ ಇಟ್ಟಿದ್ದಾನೆ. ಮೊನ್ನೆ ದೇವದುರ್ಗದ ಕಡೆಯ ಬೀಗರೊಬ್ಬರು ಲಗ್ನದ ರೇಟು ಕೇಳಲು ಬಂದವರು ಅದನ್ನೇ ನೋಡುತ್ತಾ ನೋಡುತ್ತಾ ಚೌಕಾಸಿ ಮರೆತು ಅಡ್ವಾನ್ಸ್ ಕೊಟ್ಟು ಹೋದರು. ಅವರು ಬಾಗಿಲು ದಾಟಿದ ಮೇಲೆ ಅಳಿಯ ಅದರ ಮುಚ್ಚಳ ತಿರುಗಿಸಿ ನನಗೆ ಚಹಾ ಬಗ್ಗಿಸಿದ. ಬಿಸಿ ಇತ್ತು.